ಸೀಗಡಿ ಮರಿಗೆ ಬಿಟ್ಟ ತೀರ್ಥ

ಗುರವ್ವನ ಎಪ್ಪತ್ತೆರಡು ವರ್ಷದ ಬಾಳಿನಲ್ಲಿ ಅವಳಿದ್ದ ಮನೆಯ ಹೊಸ್ತಿಲು ದಾಟಿ ಒಂದು ಮೊಟ್ಟೆ ಕೂಡ ಒಳಗೆ ಬಂದದ್ದಿಲ್ಲ. ಅಂಥವಳ ಮನೆಗೆ ಎರಡು ಸಾವಿರದ ಆರನೇ ಇಸವಿಯ ಯುಗಾದಿ ಮುಗಿದ ಮೂರನೇ ದಿನ, ಬೆಳಗಿನ ಏಳು ಗಂಟೆಗೆ, ಆರು ನೂರು ಸೀಗಡಿ ಮರಿಗಳು ಆಟೋದಲ್ಲಿ ಬಂದಿಳಿದವು.

ತಂದವಳು ಮೊಮ್ಮಗಳು ವಚನಾ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಕೊನೆಯ ವರ್ಷ ಓದುತ್ತಿದ್ದಳು. ಕುಂದಾಪುರದ ಕಡೆಯ ಮರಿ ಸಾಕುವವರು ಪ್ಲಾಸ್ಟಿಕ್ ಚೀಲಕ್ಕೆ ಸಮುದ್ರದ ನೀರು ತುಂಬಿ, ಮೇಲೆ ಆಮ್ಲಜನಕ ಊದಿ, ಬಾಯಿ ಬಿಗಿದು ರಾತ್ರಿ ಬಸ್ಸಿಗೆ ಹಾಕಿದ್ದರು. ಮೆಜೆಸ್ಟಿಕ್ಕಿನಿಂದ ಗೋವಿಂದರಾಜನಗರದ ಈ ಮಹಡಿ ಮನೆಯವರೆಗೂ ಹುಡುಗಿ ಆ ಚೀಲವನ್ನು ಹಸುಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು.

ಮನೆಗೆ ತರಲು ಕಾರಣವಿತ್ತು. ಕಾಲೇಜಿನ ಪ್ರಯೋಗಾಲಯಕ್ಕೆ ಸಂಜೆ ಐದಕ್ಕೆ ಬೀಗ ಬೀಳುತ್ತದೆ, ಬೀಗದ ಜೊತೆಗೇ ಮೇನ್ ಸ್ವಿಚ್ಚೂ ಆರುತ್ತದೆ. ಫೆಬ್ರವರಿಯಲ್ಲಿ ತಂದ ಮರಿಗಳೆಲ್ಲ ನೀರಿಗೆ ಗಾಳಿ ಊದುವ ಮೋಟರು ನಿಂತು ಒಂದೇ ರಾತ್ರಿಯಲ್ಲಿ ಸತ್ತಿದ್ದವು. ಇನ್ನು ಮನೆಯಲ್ಲೇ ಸಾಕು, ಪರೀಕ್ಷೆಗೆ ಬೇಕಾದಷ್ಟನ್ನು ಮಾತ್ರ ಇಲ್ಲಿಗೆ ತಾ ಎಂದು ಅವಳ ಮೇಷ್ಟ್ರು ನಂಜುಂಡಪ್ಪನವರು ಹೇಳಿದ್ದರು. ಮೇ ಮೂವತ್ತೊಂದರೊಳಗೆ ಪ್ರಬಂಧ ಒಪ್ಪಿಸಬೇಕು. ತಪ್ಪಿದರೆ ಒಂದು ವರ್ಷ ಹಾಳು.

ವಚನಾಳ ಅಮ್ಮ ಕಲಾವತಿ ಸೌಟು ಹಿಡಿದುಕೊಂಡೇ ಬಾಲ್ಕನಿಗೆ ಬಂದು ಚೀಲವನ್ನು ನೋಡಿದಳು. ನೀರಲ್ಲಿ ಏನೂ ಕಾಣಲಿಲ್ಲ; ಬಗ್ಗಿ ನೋಡಿದರೆ ಜೋಡಿ ಜೋಡಿ ಕರಿ ಚುಕ್ಕೆಗಳು ಮಾತ್ರ ಓಡಾಡುತ್ತಿದ್ದವು. ಅವು ಕಣ್ಣುಗಳೆಂದು ತಿಳಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು, ಅಡುಗೆಮನೆಯ ಒಂದೇ ಒಂದು ಪಾತ್ರೆ ಇದಕ್ಕೆ ತಾಗಿದರೂ ತಾನು ತುಮಕೂರಿನ ತವರಿಗೆ ಹೋಗುವುದಾಗಿ ಘೋಷಿಸಿದಳು. ಈ ಬೆದರಿಕೆಯನ್ನು ಅವಳು ಮದುವೆಯಾದ ಇಪ್ಪತ್ತೈದು ವರ್ಷಗಳಿಂದ ಹಾಕುತ್ತಿದ್ದಳು, ಒಂದು ಸಲವೂ ಹೋಗಿರಲಿಲ್ಲ. ಅಪ್ಪ ಚನ್ನವೀರೇಶ್ ಮಾತ್ರ ಖುಷಿಯಾಗಿದ್ದ. ಅವನು ಕರೆಂಟ್ ಆಫೀಸಿನಲ್ಲಿ ಗುಮಾಸ್ತ. ಕರೆಂಟ್ ಆಫೀಸಿನವನೇ ಮನೆಗೆ ಯುಪಿಎಸ್ ಹಾಕಿಸಿಕೊಂಡಿದ್ದಾನೆಂದು ಬೀದಿಯವರು ನಗುತ್ತಿದ್ದರು; ಈಗ ಅದಕ್ಕೊಂದು ಘನವಾದ ಉದ್ದೇಶ ಸಿಕ್ಕಂತಾಯಿತು.

ಕೆಳಗಿನ ಮನೆಯ ಕಮಲಾಕ್ಷಮ್ಮ ಮಾಲೀಕರು. ಮಾಂಸಾಹಾರ ಕೂಡದು ಎಂದು ಮೊದಲೇ ಹೇಳಿ ಮನೆ ಬಾಡಿಗೆಗೆ ಕೊಟ್ಟವರು. ಸುದ್ದಿ ತಿಳಿದು ಮೆಟ್ಟಿಲು ಹತ್ತಿ ಬಂದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಗುರವ್ವನೇ ಮುಂದೆ ಬಂದಳು.

"ಇವು ತಿನ್ನಾಕಲ್ರೀ," ಅಂದಳು. "ಓದಾಕ."

ಕಮಲಾಕ್ಷಮ್ಮ ಚೀಲದೊಳಗೆ ಒಮ್ಮೆ ಇಣುಕಿದರು. ಕಾಫಿ ಕುಡಿದು ಇಳಿದು ಹೋದರು.

ಶೀಟು ಹೊದಿಸಿದ ಬಾಲ್ಕನಿಯಲ್ಲಿ ಮೂರು ದೊಡ್ಡ ಟಬ್ಬುಗಳು ಸಾಲಾಗಿ ಕುಳಿತವು. ಒಂದೊಂದರಲ್ಲಿ ಇನ್ನೂರು ಮರಿ. ಮೊದಲನೆಯದರಲ್ಲಿ ಕರಾವಳಿಯಿಂದ ಕ್ಯಾನುಗಳಲ್ಲಿ ತರಿಸಿದ ಸಮುದ್ರದ ನೀರು ಹಾಗೆಯೇ ಇರಬೇಕು. ಎರಡನೆಯದಕ್ಕೆ ದಿನವೂ ಇಷ್ಟಿಷ್ಟೇ ಸಿಹಿನೀರು ಬೆರೆಸಿ ಉಪ್ಪನ್ನು ಅರ್ಧಕ್ಕೆ ತರಬೇಕು. ಮೂರನೆಯದನ್ನು ಹೆಚ್ಚುಕಡಿಮೆ ಸಿಹಿನೀರೇ ಮಾಡಬೇಕು, ಆದರೆ ಹದಿನೈದು ದಿನ ಹಿಡಿದು, ಮರಿಗಳಿಗೆ ಗೊತ್ತೇ ಆಗದಷ್ಟು ನಿಧಾನವಾಗಿ. ವಚನಾ ದುರ್ಬೀನಿನಂಥ ಸಣ್ಣ ಕೊಳವೆಯೊಂದರ ಮೂತಿಗೆ ಒಂದು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು, ಉಪ್ಪೆಷ್ಟಿದೆ ಎಂದು ಓದುತ್ತಿದ್ದಳು. ಗುರವ್ವನಿಗೂ ತೋರಿಸಿದಳು. ಅರ್ಧ ನೀಲಿ, ಅರ್ಧ ಬಿಳಿ ಕಂಡಿತು. ಉಪ್ಪು ನೋಡಲು ನಾಲಿಗೆ ಸಾಲದೆ ಕಣ್ಣು ಬೇಕಾಯಿತಲ್ಲ ಎಂದು ಗುರವ್ವ ಒಂದು ವಾರ ಬಂದವರಿಗೆಲ್ಲ ಹೇಳಿದಳು.

ಮೊಮ್ಮಗಳು ಕಾಲೇಜಿಗೆ ಹೋದ ಮೇಲೆ ಮರಿಗಳ ಉಸ್ತುವಾರಿ ಅಜ್ಜಿಯದು. ನಲ್ಲಿಯಲ್ಲಿ ಬಂದ ಕಾವೇರಿ ನೀರನ್ನು ಬಕೆಟ್ಟುಗಳಲ್ಲಿ ಹಿಡಿದು, ಕ್ಲೋರಿನ್ ಹೋಗಲೆಂದು ಎರಡು ದಿನ ಬಿಸಿಲಿಗೆ ಇಡುವುದು, ಹನ್ನೊಂದು ಗಂಟೆಗೆ ಚಿಟಿಕೆ ಚಿಟಿಕೆ ಮೇವಿನ ಪುಡಿ ಹಾಕುವುದು. ಮೇವಿನ ಡಬ್ಬಿ ಕೆಟ್ಟ ವಾಸನೆ ಹೊಡೆಯುತ್ತಿತ್ತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಹಾಕುತ್ತಿದ್ದಳು, ಹಾಕಿದ ಮೇಲೆ ಒಂದು ತಾಸು ಅಲ್ಲೇ ಕುಳಿತು ನೋಡುತ್ತಿದ್ದಳು.

ಒಂದು ಸಂಜೆ ಸೊಪ್ಪು ಸೋಸುತ್ತಾ ಕೇಳಿದಳು, ಇದನ್ನೆಲ್ಲ ಮಾಡಿ ಏನು ತಿಳಿಯಬೇಕಾಗಿದೆ ಎಂದು. ವಚನಾ ಅವಳಿಗೆ ಅರ್ಥವಾಗುವಂತೆ ಬಿಡಿಸಿ ಹೇಳಿದಳು. ಸಮುದ್ರದ ಪಕ್ಕದ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಭತ್ತ, ಬೇಸಿಗೆಗೆ ಅದೇ ಜಾಗದಲ್ಲಿ ಸೀಗಡಿ. ಸುತ್ತಲಿನ ಹೊಲಗಳಿಗೆ ಹೊಡೆದ ಕೀಟನಾಶಕ ಮೊದಲ ಮಳೆಗೆ ತೊಳೆದು ಸೀಗಡಿ ಸಾಕುವ ಕೆರೆಗೆ ಬರುತ್ತದೆ. ಅದೇ ಮಳೆ ಕೆರೆಯ ಉಪ್ಪನ್ನೂ ಇಳಿಸುತ್ತದೆ. ಉಪ್ಪುನೀರಿನಲ್ಲಿ ಸೀಗಡಿ ತಡೆದುಕೊಳ್ಳುವಷ್ಟೇ ವಿಷ, ನೀರು ಸಿಹಿಯಾದಾಗ, ಬಿಸಿಯಾದಾಗ ಅದನ್ನು ಕೊಲ್ಲುತ್ತದೆಯೇ? ಅದು ಗೊತ್ತಾದರೆ ಸಾಕುವವರಿಗೆ ಮೊದಲೇ ಎಚ್ಚರಿಕೆ ಕೊಡಬಹುದು.

"ಅಂದ್ರ ಇವಕ್ಕ ವಿಷಾ ಹಾಕ್ತೀ?" ಅಂದಳು ಗುರವ್ವ.

"ಇಲ್ಲಲ್ಲ ಅಜ್ಜಿ, ಕಾಲೇಜಲ್ಲಿ."

"ಎಷ್ಟು ಸಾಯ್ತಾವ?"

ವಚನಾ ತಲೆ ತಗ್ಗಿಸಿದಳು. "ಅರ್ಧ. ಎಷ್ಟು ಹಾಕಿದ್ರೆ ಅರ್ಧ ಸಾಯುತ್ತೆ ಅನ್ನೋದೇ ಲೆಕ್ಕ."

ಗುರವ್ವ ಸೋಸಿದ ಸೊಪ್ಪನ್ನೇ ಮತ್ತೊಮ್ಮೆ ಸೋಸಿದಳು.

ಮರುದಿನದಿಂದ ಅವಳು ಮಾಡಿದ್ದು ಇಷ್ಟೇ. ಬೆಳಗ್ಗೆ ಆರಕ್ಕೆ ಅವಳು ಲಿಂಗಪೂಜೆಗೆ ಕೂರುವಳು. ಅಂಗೈ ಮೇಲಿನ ಲಿಂಗಕ್ಕೆ ವಿಭೂತಿ, ಮೇಲೆ ಹೂವು ಮಾರುವ ಮುತ್ತವ್ವನ ಬುಟ್ಟಿಯ ಸೇವಂತಿಗೆ. ಅದರ ಮೇಲೆ ಹರಿಸಿದ ನೀರು ಹೂವಿನ ಸಮೇತ ಕೆಳಗಿನ ಬೆಳ್ಳಿ ಬಟ್ಟಲಿಗೆ ಇಳಿಯುವುದು. ಆ ತೀರ್ಥವನ್ನು ತಾನು ತೆಗೆದುಕೊಂಡು, ಮನೆಮಂದಿಯ ಅಂಗೈಗೆ ಒಂದೊಂದು ಚಮಚ ಹಾಕುವಳು. ಮಿಕ್ಕದ್ದನ್ನು ಯಾರೂ ತುಳಿಯದ ಜಾಗಕ್ಕೆ ಚೆಲ್ಲಬೇಕು. ಮೊದಲೆಲ್ಲ ತಾರಸಿಯ ಹೂಕುಂಡಕ್ಕೆ ಹಾಕುತ್ತಿದ್ದಳು. ಈಗ ಮಗ, ಮೊಮ್ಮಗಳು ಹೊರಗೆ ಹೋಗಿ, ಸೊಸೆ ಅಡುಗೆಮನೆಯಲ್ಲಿರುವಾಗ ಬಟ್ಟಲು ಹಿಡಿದು ಬಾಲ್ಕನಿಗೆ ಹೋದಳು. ಸಾಯುವವರ ಬಾಯಿಗೆ ತೀರ್ಥ ಬಿಡುವುದು ಎಲ್ಲ ಕಡೆಯ ಪದ್ಧತಿ. ಈ ಕೂಸುಗಳಲ್ಲಿ ಯಾವುದು ಸಾಯುತ್ತದೆ, ಯಾವುದು ಉಳಿಯುತ್ತದೆ ಯಾರಿಗೆ ಗೊತ್ತು? ಎಲ್ಲಕ್ಕೂ ಬಿಟ್ಟರಾಯಿತು. ಪಂಕ್ತಿಭೇದ ಮಾಡಬಾರದೆಂದು ಮೂರೂ ಟಬ್ಬಿಗೆ ಸರಿಯಾಗಿ ಮೂರು ಪಾಲು ಮಾಡಿ ಹಾಕಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಓದಿದ ಹುಡುಗಿ ನಗುತ್ತಾಳೆ.

ಎರಡು ವಾರ ಏನೂ ಆಗಲಿಲ್ಲ. ಮರಿಗಳು ಬೆಳೆದವು, ಮೀಸೆ ಬಂತು. ಏಪ್ರಿಲ್ ಸೆಖೆಯಲ್ಲಿ ಕರೆಂಟು ದಿನಕ್ಕೆ ಮೂರು ಸಲ ಹೋಗತೊಡಗಿತು. ಒಂದು ಮಧ್ಯಾಹ್ನ ಯುಪಿಎಸ್ ಕೂಡ ಕುಂಯ್‌ಗುಟ್ಟಿ ನಿಂತುಬಿಟ್ಟಿತು. ಗುರವ್ವ ಸೊಸೆಯನ್ನು ಕೂಗಿದಳು. ಆಗ ಅಡುಗೆಮನೆಯಿಂದ ಬಂದವಳು ಕಲಾವತಿ. ಸೀರೆ ಎತ್ತಿ ಸಿಕ್ಕಿಸಿ, ಸ್ನಾನದ ಚೊಂಬಿನಿಂದ ನೀರೆತ್ತಿ ಎತ್ತರದಿಂದ ಅದೇ ಟಬ್ಬಿಗೆ ಸುರಿಯಲು ಶುರುಮಾಡಿದಳು. ಹಾಗೆ ಮಾಡಿದರೆ ನೀರಿಗೆ ಗಾಳಿ ಸೇರುತ್ತದೆಂದು ಮಗಳು ಹೇಳಿದ್ದನ್ನು ಕೇಳಿಸಿಕೊಂಡಿದ್ದಳು. ಎರಡು ಗಂಟೆ ಮೂರು ಟಬ್ಬುಗಳ ನಡುವೆ ಓಡಾಡಿದಳು. ಪೂರ್ತಿ ಎರಡು ಗಂಟೆಯೂ ಮಗಳನ್ನು, ಅವಳ ಮೇಷ್ಟ್ರನ್ನು, ಕರೆಂಟ್ ಆಫೀಸನ್ನು ಮತ್ತು ತನ್ನ ಹಣೆಬರಹವನ್ನು ಬೈದಳು. ಒಂದು ಮರಿಯೂ ಸಾಯಲಿಲ್ಲ.

ಆ ಚೊಂಬು ಮತ್ತೆ ಬಚ್ಚಲಿಗೆ ಹೋಗಲಿಲ್ಲ, ಅಷ್ಟೇ. ಮರುದಿನ ಹೊಸದು ಬಂತು.

ಸಾವು ಶುರುವಾದದ್ದು ಅದರ ಮುಂದಿನ ವಾರ, ಮೂರನೆಯ ಟಬ್ಬಿನ ನೀರು ಸಿಹಿಯಾಗುವ ಹೊತ್ತಿಗೆ. ಮೊದಲ ದಿನ ನಾಲ್ಕು. ಆಮೇಲೆ ಆರು. ಮರಿಗಳು ಗಿರಗಿರನೆ ಸುತ್ತಿ, ಪಕ್ಕಕ್ಕೆ ಉರುಳಿ, ಕಾಲು ನಡುಗಿಸಿ ಸುಮ್ಮನಾಗುತ್ತಿದ್ದವು. ಎರಡನೆಯ ಟಬ್ಬಿನಲ್ಲಿ ಅಲ್ಲೊಂದು ಇಲ್ಲೊಂದು. ಮೊದಲನೆಯದರಲ್ಲಿ ಒಂದೂ ಇಲ್ಲ. ಬಸವ ಜಯಂತಿಯ ಮರುದಿನ ಬೆಳಗ್ಗೆ ವಚನಾ ಮೂರನೆಯ ಟಬ್ಬಿನಿಂದ ಅರವತ್ಮೂರು ಹೆಣ ಎತ್ತಿದಳು. ಎಣಿಸಿ ಪುಸ್ತಕದಲ್ಲಿ ಬರೆದಳು.

ಮನೆಯಲ್ಲಿ ವಿಚಾರಣೆ ನಡೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಚನ್ನವೀರೇಶ್ ಕೇಳುವ ಮೊದಲೇ ಸೊಳ್ಳೆ ಬತ್ತಿ ಹಚ್ಚುವುದನ್ನು ಬಿಟ್ಟ. ಅದರ ಹೊಗೆಯನ್ನು ಗಾಳಿ ಮೋಟರು ಎಳೆದು ನೀರಿಗೆ ಊದಿದ್ದರೂ ಊದಿರಬಹುದು. ಒಂದು ವಾರ ಎಲ್ಲರೂ ಸೊಳ್ಳೆ ಕಚ್ಚಿಸಿಕೊಂಡು ಮೈ ಕೆರೆದುಕೊಂಡರು. ಊದುಬತ್ತಿ ನಿಂತಿತು. ಆದರೂ ಸಾವು ನಿಲ್ಲಲಿಲ್ಲ. ಉಳಿದದ್ದು ನೆಲ ಒರೆಸುವ ಫಿನಾಯಿಲ್.

"ಅಮ್ಮ, ಬಾಲ್ಕನಿಗೆ ಫಿನಾಯಿಲ್ ಹಾಕಿದ್ಯಾ? ನಿಜ ಹೇಳು."

"ನೀನು ಬೇಡ ಅಂದ ದಿನದಿಂದ ಬರೀ ನೀರಲ್ಲೇ ಒರೆಸ್ತಾ ಇದೀನಿ ಕಣೇ."

"ಮತ್ತೆ ಹೆಂಗ್ ಸಾಯ್ತವೆ? ನಿಂಗೆ ಮೊದ್ಲಿಂದಾನೂ ಇವು ಬೇಡ."

ಕಲಾವತಿ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. "ಹೌದು, ಬೇಡ. ಬೇಡ್ವಾಗಿದ್ರೂ ಎರಡು ಗಂಟೆ ಚೊಂಬಲ್ಲಿ ನೀರು ಎತ್ತಿ ಹೊಯ್ದೋಳು ನಾನು," ಅಂದಳು. ಆ ದಿನ ಅವಳು ಊಟ ಮಾಡಲಿಲ್ಲ. ಮಗಳೂ ಮಾಡಲಿಲ್ಲ. ಮಾಡಿದ ಚಪಾತಿ ಸಂಜೆಯವರೆಗೂ ಹಾಗೆಯೇ ಒಣಗಿ ಕುಳಿತಿತ್ತು.

ನಂಜುಂಡಪ್ಪನವರು ಪುಸ್ತಕ ನೋಡಿ ಕನ್ನಡಕ ತೆಗೆದರಂತೆ. ವಿಷ ಹಾಕದೆಯೇ ಸಾಯುತ್ತಿರುವ ಮರಿಗಳಿಗೆ ವಿಷ ಹಾಕಿ, ಇದರಿಂದಲೇ ಸತ್ತವೆಂದು ಬರೆದರೆ ಪರೀಕ್ಷಕರು ನಗುತ್ತಾರೆ ಎಂದರು. ಬಹುಶಃ ಉಪ್ಪನ್ನು ಆತುರದಲ್ಲಿ ಇಳಿಸಿದ್ದೀಯ. ಮೂರನೆಯ ಟಬ್ಬು ಖಾಲಿ ಮಾಡಿ, ಮೊದಲನೆಯದರಿಂದ ಎಂಬತ್ತು ಮರಿ ತೆಗೆದು ಅದಕ್ಕೆ ಹಾಕಿ, ಮತ್ತೆ ನಿಧಾನವಾಗಿ ಸಿಹಿನೀರಿಗೆ ಇಳಿಸು. ಈ ಸಲವೂ ಸತ್ತರೆ ಮುಂದಿನ ವರ್ಷ ನೋಡೋಣ. ಇದನ್ನು ವಚನಾ ಅಪ್ಪನಿಗೆ ಹೇಳುವಾಗ ಅತ್ತಳು. ಚಿಕ್ಕಂದಿನಲ್ಲಿ ಬಿದ್ದು ಮೊಣಕೈ ಮುರಿದುಕೊಂಡಾಗಲೂ ಅಳದ ಹುಡುಗಿ.

ಗುರವ್ವ ಅದನ್ನು ಕೇಳಿಸಿಕೊಂಡು, ಮರುದಿನದಿಂದ ಮೂರನೆಯ ಟಬ್ಬಿಗೆ ತೀರ್ಥ ಬಿಡುವಾಗ ಕಣ್ಣು ಮುಚ್ಚಿ ಎರಡು ಮಾತು ಹೆಚ್ಚಿಗೆ ಬೇಡಿಕೊಂಡಳು. ಹೊಸ ಮರಿಗಳ ನೀರು ಸಿಹಿಯಾಗುತ್ತಾ ಬಂದ ವಾರ, ಸೋಮವಾರ ಹೂವನ್ನೂ ಹೆಚ್ಚಿಗೆ ತಂದು ಏರಿಸಿದಳು. ಮಂಗಳವಾರ ಬೆಳಗ್ಗೆ ಆ ಎಂಬತ್ತರಲ್ಲಿ ಒಂಬತ್ತು ತೇಲುತ್ತಿದ್ದವು.

ಅದೇ ಮಂಗಳವಾರ ಅವಳು ಹೂವಿಗೆ ಹೋದಳು. ಬೀದಿ ತಿರುವಿನಲ್ಲಿ ಬುಟ್ಟಿ ಇಟ್ಟು ಕೂರುವ ಮುತ್ತವ್ವ ಗದಗಿನ ಕಡೆಯವಳು. ಊರ ಭಾಷೆಯಲ್ಲಿ ನಾಲ್ಕು ಮಾತಾಡಲೆಂದೇ ಗುರವ್ವ ಬೇರೆ ಯಾರ ಹತ್ತಿರವೂ ಹೂವು ಕೊಳ್ಳುತ್ತಿರಲಿಲ್ಲ. ಅಂದು ಮುತ್ತವ್ವನ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತಿತ್ತು. ಏನಾಯಿತೆಂದು ಗುರವ್ವ ಕೇಳಿದಳು.

"ಉರಿ ಎದ್ದಾವ ಯವ್ವಾ. ಈ ಬ್ಯಾಸಿಗ್ಯಾಗ ಸೇವಂತಿಗಿಗೆ ಹುಳಾ ಭಾಳ. ಕೊಯ್ಯೂ ಹಿಂದಿನ ದಿನಾನೂ ಎಣ್ಣಿ ಹೊಡೀತಾರ. ಮೂಸಬ್ಯಾಡ ಅದನ್ನ, ತೊಳದು ಏರಿಸು. ನೋಡಿಲ್ಲೇನು, ಒಂದು ಜೇನ್ನೊಣ ಬರಂಗಿಲ್ಲ ಬುಟ್ಟಿ ಕಡೆ."

ಹೊಲಕ್ಕೆ ಹೊಡೆಯುವ ಔಷಧಿಗೆ ಅವರ ಕಡೆ ಎಣ್ಣೆ ಎನ್ನುತ್ತಾರೆ. ಗುರವ್ವ ಬುಟ್ಟಿಯ ಹಳದಿ ರಾಶಿಯನ್ನು ನೋಡುತ್ತಾ ನಿಂತಳು. ಎಂದಿನಿಂದ ಹೀಗೆ ಹೊಡೆಯುತ್ತಿದ್ದಾರೆಂದು ಕೇಳಿದಳು. ಯುಗಾದಿ ಮುಂಚಿನಿಂದಲೂ ಎಂದಳು ಮುತ್ತವ್ವ. ಗುರವ್ವ ಹೂವು ತೆಗೆದುಕೊಳ್ಳದೆ ಹಿಂತಿರುಗಿದಳು. 

ಮರುದಿನ ಪೂಜೆಯಾದ ಮೇಲೆ ವಚನಾ ಎಂದಿನಂತೆ ಬಂದು ಅಂಗೈ ಚಾಚಿದಳು. ಗುರವ್ವ ಬಟ್ಟಲನ್ನು ಸೆರಗಿನ ಮರೆಗೆ ಸರಿಸಿ, ತೀರ್ಥ ಚೆಲ್ಲಿಹೋಯಿತು ಎಂದಳು. ಅದರ ಮರುದಿನ ಕಲಾವತಿಗೂ ಅದೇ ಹೇಳಿದಳು. ಮೂರನೆಯ ದಿನ ಯಾರೂ ಕೇಳಲಿಲ್ಲ. ಅತ್ತೆಗೆ ಕೈ ನಡುಗುವುದು ಶುರುವಾಗಿದೆ, ಡಾಕ್ಟರಿಗೆ ತೋರಿಸಬೇಕು ಎಂದು ಕಲಾವತಿ ಗಂಡನಿಗೆ ಹೇಳಿದ್ದು ಗುರವ್ವನ ಕಿವಿಗೆ ಬಿತ್ತು. ಬಾಲ್ಕನಿಗೂ ಅವಳು ಬಟ್ಟಲು ಒಯ್ಯಲಿಲ್ಲ. ವಚನಾ ಮೂರನೆಯ ಟಬ್ಬಿನ ಅರ್ಧ ನೀರು ತೆಗೆದು ಹೊಸದು ಹಾಕಿದ್ದಳು. ಅಂದಿನಿಂದ ಒಂದೇ ಒಂದು ಮರಿಯೂ ಸಾಯಲಿಲ್ಲ.

ಹುಡುಗಿಯ ಮುಖ ಅರಳಿತು. ಆದರೆ ಮೇಷ್ಟ್ರು ಬಿಡಲಿಲ್ಲ. ಮೊದಲು ಯಾಕೆ ಸತ್ತವು, ಈಗ ಯಾಕೆ ನಿಂತಿತು, ಅದನ್ನು ಬರೆಯದೆ ನಾನು ಸಹಿ ಮಾಡುವುದಿಲ್ಲ ಎಂದರು. ಚನ್ನವೀರೇಶ್, ನಿನ್ನ ಮೇಷ್ಟ್ರದ್ದು ಶಂಖದಿಂದ ಬಂದರೇ ತೀರ್ಥ ಅನ್ನೋ ಜಾತಿ ಎಂದು ತಮಾಷೆ ಮಾಡಿದ. ತೀರ್ಥ ಎಂಬ ಮಾತಿಗೆ ಗುರವ್ವ ಲೋಟ ಎತ್ತಿಕೊಂಡು ಅಡುಗೆಮನೆಗೆ ಎದ್ದು ಹೋದಳು.

ಭಾನುವಾರ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ. ರೊಟ್ಟಿ ಬಡಿಯುವುದು ಗುರವ್ವನದೇ ಕೆಲಸ. ಎಲ್ಲರಿಗೂ ಬಡಿಸಿ ಅವಳೂ ಕುಳಿತಳು. ವಚನಾ ತಾನೊಂದು ತೀರ್ಮಾನಕ್ಕೆ ಬಂದಿರುವುದಾಗಿ ಹೇಳಿದಳು. ಬೇರೆ ಕಾರಣ ಸಿಗಲಿಲ್ಲ, ದಿನಗಳೂ ಉಳಿದಿಲ್ಲ. "ನನ್ನ ಆತುರದಿಂದ ಸತ್ತವು ಅಂತ ಬರೀತೀನಿ ಅಪ್ಪ. ಮಾರ್ಕ್ಸ್ ಹೋಗುತ್ತೆ. ಹೋದ್ರೆ ಹೋಗ್ಲಿ, ವರ್ಷ ಉಳಿಯುತ್ತಲ್ಲ."

"ಹಂಗ ಬರೀಬ್ಯಾಡ," ಅಂದಳು ಗುರವ್ವ.

ಎಲ್ಲರೂ ಅವಳ ಕಡೆ ತಿರುಗಿದರು.

"ಅದು ಸುಳ್ಳಾಗ್ತದ. ನೀ ಏನೂ ಆತುರ ಮಾಡಿಲ್ಲ. ಅವನ್ನ ಕೊಂದಾಕಿ ನಾನು."

ತಟ್ಟೆಯನ್ನು ಪಕ್ಕಕ್ಕಿಟ್ಟು ಎಲ್ಲವನ್ನೂ ಹೇಳಿದಳು. ದಿನವೂ ಬಿಟ್ಟ ತೀರ್ಥ, ಮೂರು ಪಾಲು, ಮುತ್ತವ್ವನ ಬೆರಳು, ಬುಟ್ಟಿಗೆ ಬಾರದ ಜೇನ್ನೊಣ. ಚೆಲ್ಲಿಹೋಯಿತೆಂದು ಹೇಳಿದ ಸುಳ್ಳನ್ನೂ ಬಿಡಲಿಲ್ಲ. ವಚನಾ ಕೈಯಲ್ಲಿನ ರೊಟ್ಟಿ ತುಂಡನ್ನು ತಟ್ಟೆಗೆ ಹಾಕಿದಳು.

"ಐದು ದಿನದಿಂದ ಗೊತ್ತಿತ್ತಾ ಅಜ್ಜಿ? ನಾನು ಅಮ್ಮನ್ನ ಏನೇನಂದೆ, ನೀನು ಅಲ್ಲೇ ಇದ್ದೆ. ನಾನು ಅಳ್ತಾ ಇದ್ದಾಗ್ಲೂ ಅಲ್ಲೇ ಇದ್ದೆ." ಅವಳ ದನಿ ಏರಿತು. "ಒಂದು ಮಾತು ಕೇಳಿ ಹಾಕೋಕೆ ಏನಾಗಿತ್ತು ನಿಂಗೆ?"

"ಆಗ ನನಗ ಗೊತ್ತಿರಲಿಲ್ಲವ್ವಾ. ಗೊತ್ತಾದ ಮ್ಯಾಲ ಬಾಯಿ ಬರಲಿಲ್ಲ." ಗುರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಅವಕ್ಕಷ್ಟ ಬಿಟ್ಟಿದ್ರ ಅಂದ ಹೇಳ್ತಿದ್ನೇನೋ. ನಿಮಗೂ ಕೊಟ್ಟೇನಲ್ಲ. ದಿನಾ ಬೆಳಿಗ್ಗಿ ನನ್ನ ಕೈಯಾರೆ. ಅದನ್ನ ಹೆಂಗ ಹೇಳ್ಲಿ?"

 ಅತ್ತೆ ಸಿಕ್ಕಿಬಿದ್ದ ಇಂಥ ಗಳಿಗೆಗೆ ಎಷ್ಟೋ ಸೊಸೆಯಂದಿರು ಕಾದಿರುತ್ತಾರೆ. ಕಲಾವತಿ ಎದ್ದು ಹೋಗಿ ಒಲೆಯ ಮೇಲಿನ ಬಿಸಿ ರೊಟ್ಟಿಯೊಂದನ್ನು ತಂದು ಅತ್ತೆಯ ತಟ್ಟೆಗೆ ಹಾಕಿ, ತಟ್ಟೆಯನ್ನು ಮತ್ತೆ ಅವಳ ಮುಂದಕ್ಕೆ ಎಳೆದಳು.

"ನೀವು ಎಲ್ಲರಿಗಿಂತ ಮೊದ್ಲು ತಗೋತಿದ್ರಲ್ಲ ಅತ್ತೆ," ಅಂದಳು. "ನಿಮಗೇನೂ ಆಗಿಲ್ಲ ತಾನೆ? ನಮಗೂ ಆಗಿಲ್ಲ. ಊಟ ಮಾಡಿ."

ವಚನಾಳ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಉಳಿದರ್ಧವನ್ನು ಅಜ್ಜಿಯ ಮುಖ ನೋಡಿ ನುಂಗಿಕೊಂಡಳು. ಸೀಗಡಿ ಹುಳುಗಳ ದೂರದ ನೆಂಟ, ಹುಳುವಿಗೆಂದು ಮಾಡಿದ ವಿಷ ಅದಕ್ಕೆ ಕಡಲೆಕಾಳಿನ ಸಾವಿರದ ಒಂದು ಪಾಲಿದ್ದರೂ ತಾಗುತ್ತದೆ, ಮನುಷ್ಯರಿಗೆ ಹಾಗಲ್ಲ ಎಂದು ಸಮಾಧಾನ ಹೇಳಿದಳು. ಆದರೂ ತೊಳೆಯದ ಹೂವಿನ ನೀರು ಇನ್ನು ಬೇಡ ಎಂದೂ ಸೇರಿಸಿದಳು. ಆಮೇಲೆ ಎಂಜಲು ಕೈಯಲ್ಲೇ ಎದ್ದು ಹೋಗಿ ತನ್ನ ಪುಸ್ತಕ ತಂದಳು. ಚನ್ನವೀರೇಶ್ ಗೋಡೆಯ ಕ್ಯಾಲೆಂಡರ್ ಇಳಿಸಿದ.

"ಯಾವ್ಯಾವ ದಿನ ಎಷ್ಟು ಹೂವು ಏರಿಸಿದೆ, ನೆನಪಿದೆಯಾ ಅಜ್ಜಿ?"

ನೆನಪಿರದೆ ಏನು? ಗುರವ್ವನಿಗೆ ತಾರೀಖು ಗೊತ್ತಿರಲಿಲ್ಲ. ಸೋಮವಾರ ಗೊತ್ತು, ಅಮಾವಾಸ್ಯೆ ಗೊತ್ತು, ಹಬ್ಬ ಗೊತ್ತು. ಸೋಮವಾರಗಳಲ್ಲಿ ಎರಡು ಮೊಳ. ಅಮಾವಾಸ್ಯೆಗೆ ಎರಡು. ಬಸವ ಜಯಂತಿಗೆ ಐದು ಮೊಳ, ಮೇಲೆ ಒಂದು ಬಿಡಿ ಹೂವಿನ ಪೊಟ್ಟಣ. ನಡುವೆ ನೆಗಡಿಯಾಗಿ ಹೊರಗೆ ಹೋಗದ ಮೂರು ದಿನ ಹೂವೇ ಇಲ್ಲ, ಬರೀ ವಿಭೂತಿ. ಅವಳು ಒಂದೊಂದಾಗಿ ಹೇಳುತ್ತಾ ಹೋದಂತೆ ಅಪ್ಪ ಕ್ಯಾಲೆಂಡರ್ ನೋಡಿ ತಾರೀಖು ಕೂಗಿದ, ಮಗಳು ಪುಸ್ತಕದಲ್ಲಿ ಬೆರಳಾಡಿಸಿದಳು. ಎರಡು ಮೊಳದ ಮರುದಿನ ಹತ್ತು ಹನ್ನೊಂದು. ಐದು ಮೊಳದ ಮರುದಿನ ಅರವತ್ಮೂರು. ನೆಗಡಿಯ ಮೂರು ದಿನ ಸೊನ್ನೆ, ಸೊನ್ನೆ, ಸೊನ್ನೆ. ಮೊದಲ ಟಬ್ಬಿನ ಸಾಲಿನಲ್ಲಿ ಮಾತ್ರ ಐದು ಮೊಳದ ದಿನವೂ ಸೊನ್ನೆಯೇ. ಅದೇ ತೀರ್ಥ, ಅದೇ ಪಾಲು, ಉಪ್ಪುನೀರಿನ ಮರಿ ಒಂದೂ ಸತ್ತಿರಲಿಲ್ಲ.

ವಚನಾ ಆ ಎರಡು ಸಾಲುಗಳ ಕೆಳಗೆ ಗೆರೆ ಎಳೆದಳು; ಅವಳ ಪ್ರಬಂಧದ ಪ್ರಶ್ನೆಯೇ ಅದು. ಆಮೇಲೆ ಯಾರೂ ಹೇಳದೆ ಎದ್ದು ಹೋಗಿ ಅಂದಿನ ಪಾತ್ರೆಗಳನ್ನೆಲ್ಲ ತೊಳೆದಳು, ಸುಟ್ಟ ತವೆಯನ್ನೂ ಬಿಡದೆ. ಅಮ್ಮನಿಗೆ ಕ್ಷಮೆ ಕೇಳುವ ರೀತಿ ಅದು. ಕಲಾವತಿ ಪಕ್ಕದಲ್ಲೇ ನಿಂತು ತೊಳೆದದ್ದನ್ನು ಒರೆಸಿ ಇಡುತ್ತಾ, ತವೆಯ ಹಿಂಭಾಗ ಇನ್ನೂ ಕಪ್ಪಾಗೇ ಇದೆ ಎಂದಳು.

ನಂಜುಂಡಪ್ಪನವರು ನಗಲಿಲ್ಲವಂತೆ. ಪುಸ್ತಕವನ್ನು ಎರಡು ಸಲ ಓದಿ, ಸತ್ತ ಮರಿಗಳ ಆ ಪಟ್ಟಿಯನ್ನು ಲೆಕ್ಕಕ್ಕೆ ಸೇರಿಸುವ ಹಾಗಿಲ್ಲ, ಹೂವಿನಲ್ಲಿ ಎಷ್ಟು ವಿಷವಿತ್ತೆಂದು ಯಾರೂ ಅಳೆದಿಲ್ಲ ಎಂದರಂತೆ. ಆದರೆ ನಡೆದದ್ದನ್ನು ನಡೆದಂತೆಯೇ ಬರೆ, ಒಂದು ಸಾಲನ್ನೂ ಮುಚ್ಚಿಡಬೇಡ, ಅಜ್ಜಿಯ ಮೊಳದ ಲೆಕ್ಕವನ್ನೂ ಬರೆ ಎಂದರಂತೆ. ಉಳಿದ ಮರಿಗಳು ಕಾಲೇಜಿಗೆ ಹೋದವು, ಪರೀಕ್ಷೆ ನಡೆಯಿತು. ಎಲ್ಲ ಸರಾಗವಾಗಲಿಲ್ಲ, ಬಿಸಿನೀರಿನ ಪರೀಕ್ಷೆಗೆ ಮರಿಗಳು ಸಾಲದೆ ಅದನ್ನು ಬಿಡಬೇಕಾಯಿತು. ಪ್ರಬಂಧ ಐದು ದಿನ ತಡವಾಯಿತು, ದಂಡ ಕಟ್ಟಿ, ಮೇಷ್ಟ್ರ ಪತ್ರ ಇಟ್ಟು ಒಪ್ಪಿಸಿದ್ದಾಯಿತು. ವರ್ಷ ಉಳಿಯಿತು.

ಮೂರನೆಯ ಟಬ್ಬಿನಲ್ಲಿ ಏಳು ಮರಿ ಮಿಕ್ಕಿದ್ದವು. ಇನ್ನು ಇವು ಪರೀಕ್ಷೆಗೆ ಬೇಡವೇ ಎಂದು ಗುರವ್ವ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು.

ಈ ತಿಂಗಳೊಪ್ಪತ್ತು ಅವಳು ಯಾರಿಗೂ ತೀರ್ಥ ಕೊಟ್ಟಿರಲಿಲ್ಲ. ಪೂಜೆ ತಪ್ಪಿಸಿರಲಿಲ್ಲ, ಆದರೆ ಹೂವಿಲ್ಲ; ಕಾಂಪೌಂಡಿನ ಬಿಲ್ವದ ಮರದಿಂದ ಕಮಲಾಕ್ಷಮ್ಮ ಕಿತ್ತುಕೊಡುವ ನಾಲ್ಕು ಪತ್ರೆ, ಅದನ್ನೂ ಮೂರು ನೀರಿನಲ್ಲಿ ತೊಳೆದು. ಮುತ್ತವ್ವನ ಹತ್ತಿರ ದಿನವೂ ಹೋಗಿ ಮಾತಾಡಿ, ಮುಡಿಯಲು ಸೊಸೆಗೊಂದು ಮೊಳ ಮಲ್ಲಿಗೆ ತರುತ್ತಿದ್ದಳು. ತೀರ್ಥವನ್ನು ತಾನೊಬ್ಬಳೇ ಕುಡಿಯುತ್ತಿದ್ದಳು. ಯಾರೂ ಕೇಳಲಿಲ್ಲ. ಕೇಳಿದರೆ ಅವಳಿಗೆ ನೋವಾಗುತ್ತದೆಂದು ಅವರು, ಕೇಳುವುದೇ ಇಲ್ಲವೇನೋ ಎಂದು ಅವಳು.

ಮೌಖಿಕ ಪರೀಕ್ಷೆ ಒಂದು ಸೋಮವಾರ ಬಂತು. ವಚನಾ ಇಸ್ತ್ರಿ ಮಾಡಿದ ಸೀರೆಯುಟ್ಟು, ಬ್ಯಾಗು ಹೆಗಲಿಗೆ ಹಾಕಿ, ಅಜ್ಜಿಯ ಪೂಜೆ ಮುಗಿಯುವುದನ್ನೇ ಕಾಯುತ್ತಾ ನಿಂತಿದ್ದಳು. ನಮಸ್ಕಾರ ಮಾಡಿ ಎದ್ದವಳು ಎಡಗೈ ಮೇಲೆ ಬಲಗೈ ಇಟ್ಟು ಅಂಗೈ ಚಾಚಿದಳು.

"ಕೊಡು ಅಜ್ಜಿ. ಲೇಟಾಗುತ್ತೆ."

ಗುರವ್ವ ಆ ಅಂಗೈಯನ್ನು ನೋಡಿದಳು. ಕಣ್ಣು ತುಂಬಿ ಬಂತು. "ತಡಿ," ಅಂದು ಮಂಡಿ ಹಿಡಿದುಕೊಂಡು ಎದ್ದು ಬಾಲ್ಕನಿಗೆ ಹೋದಳು. ಟಬ್ಬಿನ ಮೇಲೆ ಬಗ್ಗಿ, ಬೆರಳು ಮಡಿಸುತ್ತಾ ಏನೋ ಎಣಿಸಿದಳು. ಕೂದಲೆಳೆಯ ಮೀಸೆಗಳು ಅಲ್ಲಾಡುತ್ತಿದ್ದವು. ಮೊದಲಿಂದ ಇನ್ನೊಂದು ಸಲ ಎಣಿಸಿ ಹಿಂತಿರುಗಿದಳು.

"ಏಳಕ್ಕ ಏಳೂ ಅದಾವ," ಅಂದಳು. "ಮೂರು ದಿನ ಆತು, ಇದ ನೀರು ಹಾಕ್ಲಿಕ್ಕೆ ಹತ್ತಿ. ತಪ್ಪಾತು, ಇದೊಂದು ಸಲ ಅಂತ ಕೇಳಿಕೊಂಡೇ ಹಾಕೇನಿ. ನಿನ್ನಂಗ ಬುಕ್ಕಿನ್ಯಾಗ ಬರದಿಟ್ಟಿಲ್ಲ ಅಷ್ಟ."

 ವಚನಾ ಚಾಚಿದ ಕೈಯನ್ನು ಹಾಗೆಯೇ ಹಿಡಿದಿದ್ದಳು. ಗುರವ್ವ ಚಮಚ ತುಂಬಿ ಬಿಟ್ಟಳು. ಹುಡುಗಿ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡಳು. ಅವಳ ಹಿಂದೆ ಚನ್ನವೀರೇಶ್ ಯಾವಾಗ ಬಂದು ನಿಂತಿದ್ದನೋ, ಅವನೂ ಕೈ ಚಾಚಿದ. ಅಡುಗೆಮನೆಯಿಂದ ಕಲಾವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ತನ್ನನ್ನು ಬಿಟ್ಟು ಮುಗಿಸಿಬಿಡಬೇಡಿ ಎಂದಳು.

ಗುರವ್ವ ಒಬ್ಬೊಬ್ಬರಿಗೂ ಒಂದೊಂದು ಚಮಚ ಹಾಕಿದಳು, ಹೆಚ್ಚಿಲ್ಲ, ಕಡಿಮೆಯಿಲ್ಲ. ಆಮೇಲೆ ಬಟ್ಟಲಲ್ಲಿ ಉಳಿದದ್ದನ್ನು ತೆಗೆದುಕೊಂಡು ಬಾಲ್ಕನಿಗೆ ಹೋದಳು.